ಕಷಾಯವನ್ನು ಸೂಜಿಗೆ ತುಂಬಬಹುದಾ? ಚೀನಾದ ಗಿಡಮೂಲಿಕೆ ಇಂಜೆಕ್ಷನ್‌ಗಳ ಬಗ್ಗೆ ಒಂದಿಷ್ಟು ಮಾತು

ಮಲೆನಾಡ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಫಾರ್ಮ್ ಓದುತ್ತಿದ್ದೇನೆ. ಮುಂದಿನ ತಿಂಗಳು ಸೆಮಿನಾರ್ ಇದೆ. ಚೀನಾದ ಗಿಡಮೂಲಿಕೆಗಳಿಂದ ಇಂಜೆಕ್ಷನ್ ತಯಾರಿಸುವುದು ನನಗೆ ಬಂದಿರುವ ವಿಷಯ. ಗೈಡ್ ಕೊಟ್ಟಿದ್ದು, ನಾನು ಆರಿಸಿಕೊಂಡಿದ್ದಲ್ಲ.

ಓದಲು ಕೂತ ಮೇಲೆ ತಲೆ ಕೆಟ್ಟಿದೆ. ಅಲ್ಲಿ ಕಷಾಯಕ್ಕೆ ಹಾಕುವ ಗಿಡಗಳನ್ನೇ ಸೋಸಿ, ಆಂಪೂಲ್‌ಗೆ (ಬಾಯಿ ಮುಚ್ಚಿದ ಸಣ್ಣ ಗಾಜಿನ ಕೊಳವೆ) ತುಂಬಿ, ಡ್ರಿಪ್‌ನಲ್ಲಿ ಏರಿಸುತ್ತಾರಂತೆ. ಒಂದೆರಡಲ್ಲ, ನೂರಕ್ಕೂ ಹೆಚ್ಚು ಬಗೆ. ಇನ್ನೊಂದು ಕಡೆ ನೊಬೆಲ್ ಬಂದ ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಕಥೆಯೂ ಅಲ್ಲಿಯದೇ. ಇವೆರಡೂ ಒಂದೇ ಬಗೆಯ ಕೆಲಸವಾ? ನಮ್ಮಲ್ಲಿ ಅಮೃತಬಳ್ಳಿ, ನೆಲಬೇವಿನ ಇಂಜೆಕ್ಷನ್ ಯಾಕಿಲ್ಲ? ಇಂಜೆಕ್ಷನ್ ಕಂಪನಿಯಲ್ಲಿ ಕೆಲಸ ಮಾಡಿದವರು, ಡಾಕ್ಟರುಗಳು, ವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಸುಮ್ನೆ ಕೇಳ್ದೆ

ಇದರಲ್ಲೇನು ಕಷ್ಟ? ನೊಬೆಲ್ ಬಂದ ಆ ಅಮ್ಮ ಹಳೇ ಪುಸ್ತಕ ನೋಡಿ ಗಿಡ ಅರೆದು ಇಂಜೆಕ್ಷನ್ ಮಾಡಿದರು, ಮಲೇರಿಯಾ ಹೋಯಿತು. ನಮ್ಮವರಿಗೆ ಹಳೇ ಪುಸ್ತಕ ಓದುವ ವ್ಯವಧಾನ ಇಲ್ಲ ಅಷ್ಟೇ.

ಕಡಲತಡಿಯ ಡಾಕ್ಟ್ರು

ಅಷ್ಟು ಸಲೀಸಲ್ಲ ಮಾರಾಯರೇ. ನಾನು ಮಂಗಳೂರಿನವನು. ಇಲ್ಲಿ ಮಲೇರಿಯಾ ಅಂದರೆ ಮನೆಮಾತು. ಹಾಗಾಗಿ ಈ ಕಥೆ ಸ್ವಲ್ಪ ಗೊತ್ತು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಕಾಡಿನಲ್ಲಿದ್ದ ಸೈನಿಕರಿಗೆ ಮಲೇರಿಯಾ ವಿಪರೀತ. ಆಗಿನ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಕೈಕೊಡಲು ಶುರುವಾಗಿತ್ತು. 1967ರ ಮೇ 23ಕ್ಕೆ ಬೀಜಿಂಗ್‌ನಲ್ಲಿ ಗುಟ್ಟಾಗಿ ಒಂದು ಸಭೆ ಸೇರಿತು. ಆ ತಾರೀಖಿನಿಂದಲೇ ಯೋಜನೆಗೆ 523 ಎಂಬ ಹೆಸರು. ಮುಂದೆ ನೊಬೆಲ್ ಪಡೆದ ತೂ ಯೂಯೂ ಅದಕ್ಕೆ ಸೇರಿದ್ದು 1969ರಲ್ಲಿ. ಅವರ ತಂಡ ಎರಡು ಸಾವಿರದಷ್ಟು ಹಳೆಯ ಔಷಧಿ ವಿಧಾನಗಳನ್ನು ಕಲೆಹಾಕಿತು. ಸುಮಾರು 200 ಮೂಲಿಕೆಗಳಿಂದ 380ರಷ್ಟು ಸಾರಗಳನ್ನು ತೆಗೆದು ಇಲಿಗಳ ಮೇಲೆ ನೋಡಿತು. ಆರ್ಟಿಮಿಸಿನಿನ್ ಇರುವ ಚಿಂಗ್‌ಹಾವ್ ಗಿಡ ಒಮ್ಮೆ ಕೆಲಸ ಮಾಡಿತು, ಮತ್ತೊಮ್ಮೆ ಮಾಡಲಿಲ್ಲ.

ಆಗ ಅವರ ಕಣ್ಣಿಗೆ ಬಿದ್ದದ್ದು ನಾಲ್ಕನೇ ಶತಮಾನದ ಗ ಹೋಂಗ್ ಎಂಬ ವೈದ್ಯನ ಕೈಪಿಡಿಯ ಒಂದು ಸಾಲು. ಒಂದು ಹಿಡಿ ಚಿಂಗ್‌ಹಾವ್ ತಗೋ, ನೀರಿನಲ್ಲಿ ನೆನೆಸು, ಹಿಂಡಿ ರಸ ಕುಡಿ. ಕುದಿಸು ಅಂತ ಎಲ್ಲೂ ಇಲ್ಲ. ಕುದಿಸಿದ್ದೇ ತಪ್ಪಾಗಿರಬಹುದಾ ಎಂದು ಅನುಮಾನ ಬಂದು, 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೇ ನಮೂನೆ ಇಲಿಯ ಮಲೇರಿಯಾವನ್ನು ಪೂರ್ತಿ ಹೋಗಲಾಡಿಸಿತು. 1972ರಲ್ಲಿ ತೂ ಮತ್ತು ಇಬ್ಬರು ಸಹೋದ್ಯೋಗಿಗಳು ಮೊದಲು ತಾವೇ ಅದನ್ನು ಸೇವಿಸಿದರು. ಗಮನಿಸಿ, ಅವರು ಅದನ್ನು ನುಂಗಿದ್ದು, ಚುಚ್ಚಿಕೊಂಡಿದ್ದಲ್ಲ. ಇಂಜೆಕ್ಷನ್ ಬಂದಿದ್ದು ಆಮೇಲೆ, ಬೇರೆಯವರ ಕೈಯಲ್ಲಿ.

ಕಷಾಯಪ್ರಿಯ

ಡಾಕ್ಟ್ರೇ, ಒಂದು ಮಾತು ಸೇರಿಸುತ್ತೇನೆ. ನಾನು ಆಯುರ್ವೇದ ವೈದ್ಯ, ಸಾಗರದ ಕಡೆಯವನು. ನಮ್ಮಲ್ಲಿ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆ. ಹಿಂಡಿದ ರಸ, ಅರೆದ ಮುದ್ದೆ, ಕುದಿಸಿದ್ದು, ತಣ್ಣೀರಲ್ಲಿ ನೆನೆಸಿದ್ದು, ಬಿಸಿನೀರಲ್ಲಿ ಅದ್ದಿದ್ದು. ಯಾವ ಗಿಡಕ್ಕೆ ಯಾವ ಬಗೆ ಅನ್ನುವುದೇ ಅರ್ಧ ವೈದ್ಯವಿದ್ಯೆ. ಗ ಹೋಂಗ್ ಹೇಳಿದ್ದು ನಮ್ಮ ಹಿಮ ಮತ್ತು ಸ್ವರಸದ ನಡುವಿನದು. ಎಲ್ಲವನ್ನೂ ಕುದಿಸಿ ಕಷಾಯ ಎನ್ನುವವರು ಇದನ್ನು ಓದಬೇಕು. ನನ್ನ ಹೆಸರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಪೀಣ್ಯದ ಹಳೇ ಕೈ

ಮಗಳೇ, ನಾನು ಇಪ್ಪತ್ತಾರು ವರ್ಷ ಇಂಜೆಕ್ಷನ್ ಪ್ಲಾಂಟ್‌ನಲ್ಲಿ ಇದ್ದೆ. ಫಿಲ್ಲಿಂಗ್ ಲೈನಿನಿಂದ ಶುರುಮಾಡಿ ಕೊನೆಗೆ ಕ್ಯೂಎ, ಅಂದರೆ ಗುಣಮಟ್ಟ ನೋಡಿಕೊಳ್ಳುವ ವಿಭಾಗ. ಈಗ ನಿವೃತ್ತಿ. ಕಾಲು ಚಾಚಿ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಓದು.

ಇಲ್ಲಿ ಗಿಡ ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಆಮೇಲಿನ ಮಾತು. ಮೊದಲು ದಾರಿ ನೋಡಬೇಕು. ಬಾಯಿಂದ ಹೋದ ಕಷಾಯಕ್ಕೆ ಹೊಟ್ಟೆಯ ಆಮ್ಲ ಇದೆ, ಕರುಳಿನ ಗೋಡೆ ಇದೆ, ಆಮೇಲೆ ಲಿವರ್ ಇದೆ. ಮೂರು ಚೆಕ್‌ಪೋಸ್ಟ್. ಬೇಡದ್ದರಲ್ಲಿ ಬಹುಪಾಲು ಅಲ್ಲೇ ನಿಲ್ಲುತ್ತದೆ. ಸೂಜಿಗೆ ಆ ಚೆಕ್‌ಪೋಸ್ಟ್ ಒಂದೂ ಇಲ್ಲ. ಸಾವಿರ ವರ್ಷದಿಂದ ಕುಡಿದಿದ್ದೇವೆ, ಏನೂ ಆಗಿಲ್ಲ ಅನ್ನುವ ಅನುಭವ ಕುಡಿಯುವುದಕ್ಕೆ ಮಾತ್ರ ಸಾಕ್ಷಿ. ರಕ್ತಕ್ಕೆ ಬಿಡುವಾಗ ಆ ಗಿಡ ಹೊಸ ವಸ್ತುವೇ.

ಈಗ ಕಷಾಯದಲ್ಲಿ ಏನೇನಿದೆ ನೋಡು. ಟ್ಯಾನಿನ್ ಇದೆ. ಅಡಿಕೆ ಅಗಿದಾಗ ಬಾಯಿ ಒಗರಾಗುತ್ತಲ್ಲ, ಅದೇ. ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸ್ನಾಯುವಿಗೆ ಚುಚ್ಚಿದರೆ ನೋವು, ಗಂಟು. ಗಿಡದ ಪ್ರೋಟೀನ್ ಇದೆ, ಅದು ಅಲರ್ಜಿಗೆ ದಾರಿ. ಪಿಷ್ಟ, ಅಂಟು, ಮೇಣ, ಪೊಟ್ಯಾಸಿಯಂ ಎಲ್ಲ ಇವೆ. ಚೀನಾದವರು ಇದಕ್ಕೆ ಹಿಡಿದ ದಾರಿ ನೀರಿನಲ್ಲಿ ಕುದಿಸಿ, ಆಮೇಲೆ ಆಲ್ಕೋಹಾಲ್ ಸುರಿಯುವುದು. ಪ್ರೋಟೀನ್, ಪಿಷ್ಟ, ಅಂಟು ಗಸಿಯಾಗಿ ಕೆಳಗೆ ಕೂರುತ್ತವೆ. ಮೇಲಿನ ತಿಳಿಯನ್ನು ತೆಗೆದು, ಆಲ್ಕೋಹಾಲ್ ಆರಿಸಿ, ಇದ್ದಿಲ ಪುಡಿ ಹಾಕಿ ಸೋಸುವುದು. ಟ್ಯಾನಿನ್ ಮಾತ್ರ ನೀರು, ಆಲ್ಕೋಹಾಲ್ ಎರಡರಲ್ಲೂ ಕರಗುವ ಕಳ್ಳ. ಅದನ್ನು ಓಡಿಸಲು ಬೇರೆ ಉಪಾಯ ಬೇಕು. ಇದ್ದಿಲು ಹಾಕಿದರೆ ಟ್ಯಾನಿನ್ ಜೊತೆ ಬೇಕಾದ ಔಷಧಿಯನ್ನೂ ಸ್ವಲ್ಪ ಹಿಡಿದುಕೊಂಡು ಹೋಗುತ್ತದೆ. ಹೀಗೆ ಒಂದೊಂದೇ ತೆಗೆಯುತ್ತಾ ಹೋದರೆ ಕೊನೆಗೆ ಉಳಿದದ್ದು ಆ ಕಷಾಯವೇನಾ ಅನ್ನುವುದು ವೈದ್ಯರು ಕೇಳಬೇಕಾದ ಪ್ರಶ್ನೆ.

ಇನ್ನು ಸ್ಟೆರಿಲೈಸ್ ಮಾಡುವುದು, ಅಂದರೆ ಕ್ರಿಮಿ ಸಾಯಿಸುವುದು. ನಾವು 121 ಡಿಗ್ರಿಯಲ್ಲಿ 15 ನಿಮಿಷ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಇಡುವುದು) ಮಾಡುತ್ತೇವೆ. ಗಿಡದ ಸಾರಕ್ಕೆ ಆ ಬಿಸಿ ತಡೆಯುವುದಿಲ್ಲ. ಬಣ್ಣ ಕಪ್ಪಾಗುತ್ತದೆ, ತಳದಲ್ಲಿ ಗಷ್ಟು ನಿಲ್ಲುತ್ತದೆ. ಅದಕ್ಕೇ ಅಲ್ಲಿ ಎಷ್ಟೋ ಹಳೆಯ ಇಂಜೆಕ್ಷನ್‌ಗಳಿಗೆ 100 ಡಿಗ್ರಿ ಹಬೆಯಲ್ಲಿ 30 ನಿಮಿಷ ಇಡುವ ಕ್ರಮ ಇತ್ತು. ಅದು ಇಡ್ಲಿ ಬೇಯಿಸುವ ಬಿಸಿ. ಬ್ಯಾಕ್ಟೀರಿಯಾದ ಗಟ್ಟಿ ಬೀಜಾಣು ಅದಕ್ಕೆ ಜಗ್ಗುವುದಿಲ್ಲ.

ಬ್ಯಾಕ್ಟೀರಿಯಾ ಸತ್ತರೂ ಮುಗಿಯಿತು ಅಂತಲ್ಲ. ಅದರ ಹೊದಿಕೆಯ ಚೂರು, ಎಂಡೋಟಾಕ್ಸಿನ್, ಹಾಗೇ ಉಳಿಯುತ್ತದೆ. ರಕ್ತಕ್ಕೆ ಹೋದರೆ ಗಡಗಡ ಚಳಿ, ಜ್ವರ. ಖಾಲಿ ಗಾಜಿನ ವಯಲ್ (ಔಷಧಿ ಶೀಶೆ) ಆದರೆ 250 ಡಿಗ್ರಿ ಒಣ ಬಿಸಿಯಲ್ಲಿ ಸುಟ್ಟು ಕಳೆಯಬಹುದು. ಕಷಾಯವನ್ನು ಹಾಗೆ ಸುಡಲು ಆಗುತ್ತಾ? ಮಣ್ಣಿನಿಂದ ಕಿತ್ತ ಬೇರು ಅಂದರೆ ಬ್ಯಾಕ್ಟೀರಿಯಾ ಜೊತೆಗೇ ಬಂದಿರುತ್ತದೆ. ಪರೀಕ್ಷೆ ಮಾಡೋಣ ಅಂದರೆ ಟ್ಯಾನಿನ್ ಮತ್ತು ಬಣ್ಣ ಆ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತವೆ.

ಕೊನೆಯದು, ಕಣ್ಣಿನ ಪರೀಕ್ಷೆ. ನಮ್ಮ ಹುಡುಗಿಯರು ಲೈಟಿನ ಕೆಳಗೆ ಒಂದು ಕಪ್ಪು ಹಲಗೆ, ಒಂದು ಬಿಳಿ ಹಲಗೆ ಇಟ್ಟುಕೊಂಡು ಪ್ರತಿ ವಯಲ್ ತಿರುಗಿಸಿ ನೋಡುತ್ತಿದ್ದರು. ಕೂದಲೆಳೆ, ಗಾಜಿನ ಚೂರು ಕಂಡರೆ ಪಕ್ಕಕ್ಕೆ. ಚಹಾ ಬಣ್ಣದ ದ್ರವದಲ್ಲಿ ಏನು ಕಾಣುತ್ತದೆ ಹೇಳು.

ಸುಮ್ನೆ ಕೇಳ್ದೆ

ಸರ್, ನನ್ನ ಮೊದಲನೇ ಕಮೆಂಟ್ ವಾಪಸ್ ತಗೊಂಡೆ. ಇಡ್ಲಿ ಉದಾಹರಣೆ ಮಾತ್ರ ಸೂಪರ್.

ಗುವಾಂಗ್‌ಝೌ ಗೌಡ

ನಾನು ಹಾರ್ಡ್‌ವೇರ್ ವ್ಯಾಪಾರಕ್ಕೆ ಒಂಬತ್ತು ವರ್ಷ ಗುವಾಂಗ್‌ಝೌನಲ್ಲಿದ್ದೆ. ಈಗ ತುಮಕೂರು. ಅಲ್ಲಿ ಡ್ರಿಪ್ ಹಾಕಿಸುವುದು ಅಂದರೆ ಹಬ್ಬ. ಶೀತ ಆದರೂ ಡ್ರಿಪ್, ಸುಸ್ತಾದರೂ ಡ್ರಿಪ್. ಸಾಲಾಗಿ ಕುರ್ಚಿ, ಮೇಲೆ ಕೊಕ್ಕೆ, ಜನ ಫೋನ್ ನೋಡಿಕೊಂಡು ಕೂತಿರುತ್ತಾರೆ. ನಮ್ಮ ಹಳ್ಳಿಗಳಲ್ಲೂ ಸೂಜಿ ಹಾಕದಿದ್ದರೆ ಅವನು ಡಾಕ್ಟ್ರೇ ಅಲ್ಲ, ಬಾಟಲಿ ಏರಿಸಿದರೆ ಮಾತ್ರ ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ, ಅಲ್ವಾ? ಅದೇ ಮನಸ್ಸು.

ಒಮ್ಮೆ ನನಗೆ ಗಂಟಲು ಕೆಟ್ಟು ಜ್ವರ ಬಂತು. ಒಂದು ಕ್ಲಿನಿಕ್‌ಗೆ ಹೋದೆ. ತೆಳು ಕಂದು ನೀರಿನ ಬಾಟಲಿ ನೇತುಹಾಕಿದರು. ಏನಿದು ಅಂದೆ. ಗಿಡದ್ದು, ಏನೂ ಆಗಲ್ಲ ಅಂದರು. ಅರ್ಧ ಗಂಟೆಗೆ ಮೈಯೆಲ್ಲ ತುರಿಕೆ, ದದ್ದು. ನರ್ಸ್ ಓಡಿ ಬಂದು ತೆಗೆದರು. ಬದುಕಿದ್ದೀನಿ, ಬರೀತಾ ಇದ್ದೀನಿ. ಕ್ಲಿನಿಕ್ ಹೆಸರು ಬೇಡ. ಅದರಲ್ಲಿದ್ದ ಗಿಡ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ.

ಆ ಊರಿನ ಜನ ಯೂಶಿಂಗ್‌ಸಾವ್ ಎಂಬ ಗಿಡದ ಬಗ್ಗೆ ಮಾತಾಡುವುದು ಕೇಳಿದ್ದೆ. ಹೆಸರಿನ ಅರ್ಥವೇ ಮೀನಿನ ವಾಸನೆಯ ಹುಲ್ಲು. ಗ್ವೀಝೌ ಕಡೆ ಅದರ ಬೇರನ್ನು ಖಾರ ಹಾಕಿ ಕೋಸಂಬರಿ ತರಹ ತಿನ್ನುತ್ತಾರೆ. ನಾನೂ ತಿಂದಿದ್ದೇನೆ, ಎರಡನೇ ತುತ್ತು ಆಗಲಿಲ್ಲ. ಅದರ ಇಂಜೆಕ್ಷನ್ ಕಥೆ ಯಾರಿಗಾದರೂ ಗೊತ್ತಾ?

ಕಡಲತಡಿಯ ಡಾಕ್ಟ್ರು

ಗೊತ್ತು. ಗೌಡರೇ, ನಿಮ್ಮ ಪುಣ್ಯ ದೊಡ್ಡದು.

ಯೂಶಿಂಗ್‌ಸಾವ್ ಇಂಜೆಕ್ಷನ್ ಅಲ್ಲಿ ಬಹಳ ಜನಪ್ರಿಯ ಇತ್ತು. 2003ರ ಸಾರ್ಸ್ ಹೊತ್ತಿನಲ್ಲೂ ಬಳಸಿದ್ದರು. ತೀವ್ರ ಅಲರ್ಜಿ, ಸಾವುಗಳು ವರದಿಯಾದ ಮೇಲೆ ಜೂನ್ 2006ರಲ್ಲಿ ಚೀನಾದ ಔಷಧಿ ಇಲಾಖೆ ಅದನ್ನೂ ಅದೇ ಗಿಡ ಇರುವ ಇತರ ಇಂಜೆಕ್ಷನ್‌ಗಳನ್ನೂ, ಒಟ್ಟು ಏಳನ್ನು ತಡೆಹಿಡಿಯಿತು. ಆಮೇಲೆ ಸ್ನಾಯುವಿಗೆ ಕೊಡುವ ಸಣ್ಣ ಆಂಪೂಲ್‌ಗೆ ಮಾತ್ರ ಮತ್ತೆ ಅವಕಾಶ ಸಿಕ್ಕಿತು. ಕೋಸಂಬರಿ ಮಾಡಿ ತಿನ್ನುವ ಬೇರು ನೋಡಿ ಅದು. ಪೀಣ್ಯದ ಸರ್ ಹೇಳಿದ ದಾರಿಯ ಮಾತಿಗೆ ಇದಕ್ಕಿಂತ ಉದಾಹರಣೆ ಬೇಕಾ?

2008ರ ಅಕ್ಟೋಬರ್‌ನಲ್ಲಿ ಯುನ್ನಾನ್‌ನಲ್ಲಿ ಸಿವುಜ್ಯಾ ಎಂಬ ಮೂಲಿಕೆಯ ಇಂಜೆಕ್ಷನ್ ತಗೊಂಡ ಮೂವರು ಸತ್ತರು. ತನಿಖೆ ಮಾಡಿದರೆ ಗಿಡದ ತಪ್ಪು ಅಲ್ಲ. ಜುಲೈ ಮಳೆಯಲ್ಲಿ ಗೋದಾಮಿನ ಸರಕು ನೆನೆದಿತ್ತು. ಬಾಟಲಿಗಳಿಗೆ ಹೊಸ ಲೇಬಲ್ ಅಂಟಿಸಿ ಮಾರಿದ್ದರು. ಒಳಗೆ ಬ್ಯಾಕ್ಟೀರಿಯಾ. ಅದೇ ತಿಂಗಳು ಹಳದಿ ಕಾಮಾಲೆಗೆ ಕೊಡುವ ಇನ್ನೊಂದು ಮೂಲಿಕೆ ಇಂಜೆಕ್ಷನ್‌ನಿಂದ ನವಜಾತ ಶಿಶು ಸತ್ತ ಸುದ್ದಿ ಬಂತು. 2009ರಲ್ಲಿ ಚೀನಾ ಈ ಇಂಜೆಕ್ಷನ್‌ಗಳ ಸುರಕ್ಷತೆಯನ್ನೆಲ್ಲ ಮತ್ತೆ ಪರಿಶೀಲಿಸಲು ಹೊರಟಿತು.

ಕಷಾಯಪ್ರಿಯ

ಎರಡನೆಯದು ಮೋಸ, ಔಷಧಿಯ ದೋಷ ಅಲ್ಲವಲ್ಲ. ಲೇಬಲ್ ಬದಲಿಸಿದರೆ ಪೆನಿಸಿಲಿನ್ ಕೂಡ ಕೊಲ್ಲುತ್ತದೆ. ಇಂಥದ್ದನ್ನು ಮೂಲಿಕೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಪೀಣ್ಯದ ಹಳೇ ಕೈ

ವೈದ್ಯರ ಮಾತು ಒಪ್ಪಿದೆ. ಆದರೆ ಒಂದು ವಿಷಯ. ನೀರಿನಂತೆ ತಿಳಿಯಾದ ಇಂಜೆಕ್ಷನ್ ಕೆಟ್ಟರೆ ಮೋಡ ಕಟ್ಟುತ್ತದೆ, ನರ್ಸ್ ಕಣ್ಣಿಗೂ ಬೀಳುತ್ತದೆ. ಕಂದು ಬಣ್ಣದ್ದು ಕೆಟ್ಟರೆ ಅಷ್ಟು ಬೇಗ ಯಾರಿಗೂ ಕಾಣುವುದಿಲ್ಲ. ಮೋಸ ಮಾಡುವವನಿಗೆ ಅದು ಅನುಕೂಲ.

ಯೂಶಿಂಗ್‌ಸಾವ್ ವಿಷಯಕ್ಕೆ ಇನ್ನೊಂದು. ಅದರ ಔಷಧಿ ಅಂಶ ಎಣ್ಣೆಯಲ್ಲಿದೆ. ಎಣ್ಣೆ ನೀರಲ್ಲಿ ಕರಗಲ್ಲ. ಕರಗಿಸಲು ಪಾಲಿಸಾರ್ಬೇಟ್ 80 ಹಾಕುತ್ತಾರೆ. ನಮ್ಮ ಭಾಷೆಯಲ್ಲಿ ಟ್ವೀನ್. ಒಂದು ಬಗೆಯ ಸೋಪಿನ ಅಣ್ಣ. ರಕ್ತನಾಳಕ್ಕೆ ಹೋದಾಗ ಅದೇ ಕೆಲವರಲ್ಲಿ ಅಲರ್ಜಿಯಂಥ ಪ್ರತಿಕ್ರಿಯೆ ಎಬ್ಬಿಸುತ್ತದೆ. ಹಾಗಾಗಿ ಮೈ ದದ್ದು ಎದ್ದರೆ ಗಿಡವಾ, ಟ್ವೀನಾ, ಸರಿಯಾಗಿ ತೆಗೆಯದೆ ಉಳಿದ ಟ್ಯಾನಿನ್ನಾ, ಜೊತೆಗೆ ಬೆರೆಸಿದ ಆ್ಯಂಟಿಬಯಾಟಿಕ್ಕಾ? ಗಿಡದ ಸಾರಕ್ಕೆ ಸಲೈನ್ ಅಥವಾ ಬೇರೆ ಔಷಧಿ ಬೆರೆಸಿದರೆ ಆಮ್ಲದ ಮಟ್ಟ ಬದಲಾಗಿ, ಕರಗಿದ್ದು ಮತ್ತೆ ಸಣ್ಣ ಕಣವಾಗಿ ಹೊರಬರುತ್ತದೆ. ಬಾಟಲಿಯಲ್ಲಿ ಪಾಸ್ ಆದದ್ದು ಡ್ರಿಪ್‌ನಲ್ಲಿ ಫೇಲ್. ಇದನ್ನು ನಿನ್ನ ಸೆಮಿನಾರ್‌ನಲ್ಲಿ ಖಂಡಿತ ಹೇಳು ಮಗಳೇ.

ಮಲೆನಾಡ ಹುಡುಗಿ

ಸರ್, ಕೈ ನೋಯುವಷ್ಟು ಬರೆದುಕೊಂಡೆ. ಹಾಗಾದರೆ ಇದನ್ನು ಮೊದಲು ಶುರುಮಾಡಿದ್ದು ಯಾರು? ಯಾಕೆ ಶುರುಮಾಡಿದರು? ಇಷ್ಟು ತೊಂದರೆ ಇದ್ದರೆ ಯಾರಾದರೂ ಇದಕ್ಕೆ ಕೈ ಹಾಕುತ್ತಾರಾ?

ಕಡಲತಡಿಯ ಡಾಕ್ಟ್ರು

ಬೇರೆ ಗತಿ ಇಲ್ಲದೆ ಶುರುಮಾಡಿದರು. 1940ರ ಆಸುಪಾಸು, ಜಪಾನಿನ ಜೊತೆ ಯುದ್ಧ. ತೈಹಾಂಗ್ ಬೆಟ್ಟಸಾಲಿನಲ್ಲಿ ಚೀನಾದ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಗೆ ಹೊರಗಿನಿಂದ ಔಷಧಿ ಬರುವ ದಾರಿ ಬಂದ್. ಜ್ವರಕ್ಕೆ ಕ್ವಿನೈನ್ ಇಲ್ಲ. ಬೆಟ್ಟದಲ್ಲಿ ಛಾಯ್‌ಹೂ ಎಂಬ ಗಿಡ ಬೇಕಾದಷ್ಟು. ಮೊದಲು ಕಷಾಯ ಕೊಟ್ಟರು. ಓಡಾಡುವ ಸೈನ್ಯಕ್ಕೆ ಕಷಾಯದ ಮಡಕೆ ಹೊತ್ತು ತಿರುಗುವುದು ಆಗದ ಮಾತು. ಆಮೇಲೆ ಹಬೆಯಲ್ಲಿ ಬಟ್ಟಿ ಇಳಿಸಿ, ಆ ನೀರನ್ನೇ ಆಂಪೂಲ್‌ಗೆ ತುಂಬಿದರು. ಮೂಲಿಕೆಯಿಂದ ಆದ ಮೊದಲ ಇಂಜೆಕ್ಷನ್ ಎಂದು ಅದನ್ನೇ ಹೇಳುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಕರಾರು ಇರುವುದು ಯುದ್ಧ ಮುಗಿದು ದಶಕಗಳಾದ ಮೇಲೂ ಅದು ಶೀತದ ಮಕ್ಕಳಿಗೆ ಚುಚ್ಚುವ ಸೂಜಿಯಾಗಿ ಉಳಿದದ್ದರ ಬಗ್ಗೆ. 2018ರಲ್ಲಿ, ಅಂದರೆ ಮುಕ್ಕಾಲು ಶತಮಾನ ಕಳೆದ ಮೇಲೆ, ಮಕ್ಕಳಿಗೆ ಕೊಡಬಾರದು ಎಂದು ಲೇಬಲ್‌ನಲ್ಲಿ ಬರೆಸಿದರು.

ಈಗ ಆರ್ಟಿಮಿಸಿನಿನ್‌ಗೆ ವಾಪಸ್ ಬರೋಣ. ಅಲ್ಲಿ ಇಂಜೆಕ್ಷನ್ ಯಾಕೆ ಬೇಕಾಯಿತು ಅನ್ನುವುದಕ್ಕೆ ನನ್ನ ವಾರ್ಡೇ ಉತ್ತರ. ಮಿದುಳಿಗೆ ಮಲೇರಿಯಾ ಏರಿದವನು ಪ್ರಜ್ಞೆ ತಪ್ಪಿ ಮಲಗಿರುತ್ತಾನೆ. ನುಂಗಲಾರ. ನುಂಗಿಸಿದರೂ ವಾಂತಿ. ಗಂಟೆಗಳ ಲೆಕ್ಕದಲ್ಲಿ ಸಾಯುತ್ತಾನೆ. ಅವನಿಗೆ ಸೂಜಿ ಅಂದರೆ ಶೋಕಿ ಅಲ್ಲ.

ಆದರೆ ಆರ್ಟಿಮಿಸಿನಿನ್ ಹಟಮಾರಿ. ನೀರಲ್ಲೂ ಕರಗಲ್ಲ, ಎಣ್ಣೆಯಲ್ಲೂ ಸರಿಯಾಗಿ ಕರಗಲ್ಲ. ಶಾಂಘೈನವರು ಅಣುವಿಗೆ ಸಣ್ಣ ಬಾಲ ಅಂಟಿಸಿ ಎಣ್ಣೆಯಲ್ಲಿ ಕರಗುವ ಆರ್ಟಿಮೀಥರ್ ಮಾಡಿದರು. ಅದು ಸ್ನಾಯುವಿಗೆ. ನಮ್ಮ ಲಕ್ನೋದ ಔಷಧಿ ಸಂಶೋಧನಾ ಸಂಸ್ಥೆ ಸಿಡಿಆರ್‌ಐ ಇದೇ ಜಾತಿಯ ಆರ್ಟೀಥರ್ ಇಂಜೆಕ್ಷನ್ ಮಾಡಿತು. ನಮ್ಮ ತಲೆಮಾರಿನ ಡಾಕ್ಟರುಗಳೆಲ್ಲ ಅದನ್ನು ಬಳಸಿದ್ದೇವೆ. ಗ್ವೀಲಿನ್ ಊರಿನ ಔಷಧಿ ಕಾರ್ಖಾನೆಯಲ್ಲಿ ಲ್ಯೂ ಷೂ ಎಂಬ ರಸಾಯನಜ್ಞ 1977ರ ಸುಮಾರಿಗೆ ಸಕ್ಸಿನಿಕ್ ಆಮ್ಲದ ಬಾಲ ಅಂಟಿಸಿದರು. ಅದೇ ಆರ್ಟಿಸುನೇಟ್. ಆಮ್ಲದ ಬಾಲ ಇದ್ದರೆ ಕ್ಷಾರದಲ್ಲಿ ಕರಗುತ್ತದೆ. ಆದರೆ ಕರಗಿಸಿ ಇಟ್ಟರೆ ಬೇಗ ಮುರಿದುಹೋಗುತ್ತದೆ. ಹಾಗಾಗಿ ಪುಡಿ ಬೇರೆ ವಯಲ್‌ನಲ್ಲಿ, ಶೇ. 5ರ ಸೋಡಾ (ಸೋಡಿಯಂ ಬೈಕಾರ್ಬನೇಟ್) ದ್ರಾವಣ ಬೇರೆ ಆಂಪೂಲ್‌ನಲ್ಲಿ. ಕೊಡುವ ಹೊತ್ತಿಗೆ ಬೆರೆಸಿ, ತಿಳಿಯಾದ ಮೇಲೆ ಸಲೈನ್ ಸೇರಿಸಿ, ರಕ್ತನಾಳಕ್ಕೆ. 60 ಮಿಲಿಗ್ರಾಂ ವಯಲ್. ದೊಡ್ಡವರಿಗೆ ಕೆಜಿಗೆ 2.4 ಮಿಲಿಗ್ರಾಂ. ಮೊದಲು ಒಂದು, 12 ಗಂಟೆಗೆ ಇನ್ನೊಂದು, 24ಕ್ಕೆ ಮತ್ತೊಂದು. ಕ್ವಿನೈನ್ ಡ್ರಿಪ್ ಆದರೆ ನಾಲ್ಕು ಗಂಟೆ ಕಾಯಬೇಕು, ನಡುವೆ ಶುಗರ್ ಇಳಿಯಿತಾ ಅಂತ ನೋಡುತ್ತಿರಬೇಕು. ಇದು ನಿಮಿಷದ ಕೆಲಸ.

2005ರಲ್ಲಿ ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೋನೇಷ್ಯಾ ಸೇರಿ 1461 ರೋಗಿಗಳಲ್ಲಿ ಹೋಲಿಸಿ ನೋಡಿದರು. ಕ್ವಿನೈನ್ ಕೊಟ್ಟವರಲ್ಲಿ ನೂರಕ್ಕೆ 22 ಸಾವು, ಆರ್ಟಿಸುನೇಟ್‌ನಲ್ಲಿ 15. 2010ರಲ್ಲಿ ಆಫ್ರಿಕಾದ ಒಂಬತ್ತು ದೇಶಗಳ 5425 ಮಕ್ಕಳಲ್ಲಿ ನೋಡಿದರೆ 10.9 ಇದ್ದದ್ದು 8.5ಕ್ಕೆ ಇಳಿಯಿತು. ಇವತ್ತು ತೀವ್ರ ಮಲೇರಿಯಾಕ್ಕೆ ಜಗತ್ತಿನಾದ್ಯಂತ ಮೊದಲ ಆಯ್ಕೆ ಅದೇ. ಕೆಲವರಲ್ಲಿ ಒಂದೆರಡು ವಾರದ ಮೇಲೆ ರಕ್ತಕಣ ಒಡೆಯುವ ತೊಂದರೆ ಬರುತ್ತದೆ. ಅದಕ್ಕೇ ಮನೆಗೆ ಕಳಿಸಿದ ಮೇಲೂ ರಕ್ತ ಪರೀಕ್ಷೆಗೆ ಕರೆಯುತ್ತೇವೆ.

ಸುಮ್ನೆ ಕೇಳ್ದೆ

ಡಾಕ್ಟ್ರೇ, ನಮ್ಮ ದವನ ಕೂಡ ಆರ್ಟಿಮೀಸಿಯಾ ಜಾತಿಯದೇ ಅಂತ ಎಲ್ಲೋ ಓದಿದೆ. ಜಾತ್ರೆಯಲ್ಲಿ ತೇರಿಗೆ ಬಾಳೆಹಣ್ಣಿಗೆ ದವನ ಸಿಕ್ಕಿಸಿ ಎಸೀತೀವಲ್ಲ, ಅದು. ಅದರಲ್ಲೂ ಸಿಗುತ್ತಾ?

ಕಷಾಯಪ್ರಿಯ

ಕುಲ ಒಂದೇ, ಗಿಡ ಬೇರೆ. ದವನ ಬೆಳೆಯುವುದು ಸುಗಂಧದ ಎಣ್ಣೆಗೆ. ಔಷಧಿಯದು ಆರ್ಟಿಮೀಸಿಯಾ ಆನುವಾ. ಚೀನಾದಲ್ಲೇ ಚಿಂಗ್‌ಹಾವ್ ಎಂಬ ಹೆಸರಿನಲ್ಲಿ ಎರಡು ಮೂರು ಗಿಡಗಳು ಬರುತ್ತಿದ್ದವು. ಅವುಗಳಲ್ಲಿ ಒಂದರಲ್ಲಿ ಮಾತ್ರ ಈ ಸತ್ವ. ಬೀಜಿಂಗ್ ಸುತ್ತಲಿನ ಗಿಡದಲ್ಲಿ ಕಡಿಮೆ, ಸಿಚುವಾನ್ ಕಡೆಯದರಲ್ಲಿ ಜಾಸ್ತಿ. ಅದೂ ಎಲೆಯಲ್ಲಿ. ಗ್ರಂಥದ ಹೆಸರು ಹಿಡಿದು ಅಂಗಡಿಗೆ ಹೋದರೆ ಏನು ಸಿಗುತ್ತದೆ ಎನ್ನುವುದು ನಮಗೂ ದಿನಾ ಇರುವ ತಲೆನೋವು.

ಆದರೆ ಡಾಕ್ಟರ ಕಥೆಗೆ ನನ್ನ ತಕರಾರು ಇದೆ. ಗಿಡದಿಂದ ಒಂದು ಅಣು ತೆಗೆದಿರಿ, ಅದಕ್ಕೆ ಬಾಲ ಅಂಟಿಸಿದಿರಿ, ಪುಡಿ ಮಾಡಿದಿರಿ. ಒಳ್ಳೆಯದೇ, ಜೀವ ಉಳಿಯಿತು. ಅದು ಸಾಂಪ್ರದಾಯಿಕ ಔಷಧಿಯ ಗೆಲುವು ಅಂತ ಮಾತ್ರ ಹೇಳಬೇಡಿ. ನಾಲ್ಕಾರು ಮೂಲಿಕೆ ಸೇರಿಸಿ ಒಂದರ ದೋಷಕ್ಕೆ ಇನ್ನೊಂದನ್ನು ಕಾವಲಿಡುವುದು ನಮ್ಮ ಯೋಗದ, ಅಂದರೆ ಮದ್ದಿನ ಮಿಶ್ರಣದ, ಲೆಕ್ಕ. ಅವರದೂ ಹಾಗೇ. ಆ ಲೆಕ್ಕವೇ ಇಲ್ಲಿ ಕಾಣುವುದಿಲ್ಲ.

ಪೀಣ್ಯದ ಹಳೇ ಕೈ

ಆ ಲೆಕ್ಕವನ್ನು ಪರೀಕ್ಷೆಗೆ ಇಟ್ಟ ಒಂದು ಪ್ರಸಂಗ ಇದೆ ವೈದ್ಯರೇ. ಮೂಲಿಕೆ ಅಲ್ಲ, ಪಾಷಾಣ, ಅಂದರೆ ಆರ್ಸೆನಿಕ್. 70ರ ದಶಕದ ಶುರುವಿನಲ್ಲಿ ಚೀನಾದ ಹಾರ್ಬಿನ್ ಊರಿನ ಡಾಕ್ಟರುಗಳಿಗೆ ಒಬ್ಬ ನಾಟಿ ವೈದ್ಯರ ಕ್ಯಾನ್ಸರ್ ಮದ್ದು ಸಿಕ್ಕಿತು. ಪಾಷಾಣ, ಪಾದರಸದ ಲವಣ, ಕಪ್ಪೆಯ ವಿಷ, ಮೂರರ ಮಿಶ್ರಣ. ಹಾನ್ ತಾಯ್‌ಯುನ್ ಎಂಬ ಔಷಧಿಕಾರ ಅದನ್ನು ಇಂಜೆಕ್ಷನ್ ಮಾಡಿದರು. ಝಾಂಗ್ ಟಿಂಗ್‌ಡಾಂಗ್ ಎಂಬ ಡಾಕ್ಟರು ರಕ್ತ ಕ್ಯಾನ್ಸರ್‌ಗೆ ಕೊಟ್ಟು ನೋಡಿದರು. ಪಾದರಸದಿಂದ ಕಿಡ್ನಿಗೆ ಏಟು. ಕಪ್ಪೆ ವಿಷದಿಂದ ಬಿಪಿ ಏರಿತು. ಒಂದೊಂದೇ ಬಿಟ್ಟು ನೋಡಿದರು. ಪಾಷಾಣ ಒಂದೇ ಸಾಕಾಗಿತ್ತು. ಆಮೇಲೆ ಶಾಂಘೈನವರು ಅದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. 2000ದಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟಿತು. ಎಪಿಎಲ್ ಎಂಬ ರಕ್ತ ಕ್ಯಾನ್ಸರ್ ಇವತ್ತು ಬಹುಪಾಲು ಜನರಲ್ಲಿ ಗುಣ ಆಗುತ್ತಿದೆ ಅಂದರೆ ಅದಕ್ಕೆ ಆ ವಿಷವೂ ಕಾರಣ. ಮೂರರಲ್ಲಿ ಎರಡು ಕಾವಲುಗಾರರಲ್ಲ, ಸುಮ್ಮನೆ ಜೊತೆಗಿದ್ದವರು.

ಎಲ್ಲ ಯೋಗಕ್ಕೂ ಇದೇ ಮಾತು ಅನ್ವಯಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಬಿಟ್ಟು ನೋಡುವ ಕೆಲಸ ಯಾರಾದರೂ ಮಾಡಲೇಬೇಕು.

ಕಡಲತಡಿಯ ಡಾಕ್ಟ್ರು

ವೈದ್ಯರ ಪರವಾಗಿ ಒಂದು ಸಾಕ್ಷಿ ನಾನೇ ಕೊಡುತ್ತೇನೆ. ಶ್ವೇಬಿಜಿಂಗ್ ಎಂಬ ಇಂಜೆಕ್ಷನ್. ಐದು ಮೂಲಿಕೆಗಳ ಸಾರ, ಅದರಲ್ಲಿ ಮೊದಲನೆಯದು ನಮ್ಮ ಕುಸುಬೆ ಹೂವು. ಒಂದು ಹಳೆಯ ಕಷಾಯದ ಎಳೆ ಹಿಡಿದು ಬೆಳೆದದ್ದು, 2004ರಲ್ಲಿ ಒಪ್ಪಿಗೆ ಪಡೆಯಿತು. ಸೆಪ್ಸಿಸ್‌ಗೆ, ಅಂದರೆ ಸೋಂಕು ಮೈಯೆಲ್ಲ ಹಬ್ಬಿ ಅಂಗಗಳು ಕೈಕೊಡುವಾಗ ಕೊಡುತ್ತಾರೆ. ನಾನೂ ನಕ್ಕಿದ್ದೆ. 2023ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚೀನಾದ 45 ಐಸಿಯು, 1817 ರೋಗಿಗಳು. 28 ದಿನದೊಳಗೆ ಸಾವು, ಔಷಧಿ ಕೊಟ್ಟವರಲ್ಲಿ ನೂರಕ್ಕೆ 18.8, ಕೊಡದವರಲ್ಲಿ 26.1. ನಗು ನಿಂತಿತು.

ಹೊರಗಿನ ದೇಶದಲ್ಲೂ ಹೀಗೇ ಬಂದರೆ ನಂಬುತ್ತೇನೆ. ಸೆಪ್ಸಿಸ್‌ನಲ್ಲಿ ಒಂದು ಕಡೆ ಗೆದ್ದು ಇನ್ನೊಂದು ಕಡೆ ಬಿದ್ದ ಔಷಧಿಗಳ ಪಟ್ಟಿ ಉದ್ದ ಇದೆ. ಮತ್ತೆ ಕಂದು ದ್ರವವನ್ನು ಸಲೈನ್ ಜೊತೆ ಹೋಲಿಸುವಾಗ ಯಾರಿಗೆ ಏನು ಕೊಟ್ಟರು ಅನ್ನುವುದನ್ನು ಮುಚ್ಚಿಡುವುದೂ ಸುಲಭ ಅಲ್ಲ.

ವಿಜಯಪುರದ ಎರೆ ಹೊಲ

ಕುಸುಬೆ ಅಂದ ಕೂಡಲೇ ಓಡಿ ಬಂದೆ. ನಮ್ಮಲ್ಲಿ ಕುಸುಬೆ ಹಾಕುವುದು ಎಣ್ಣೆಗೆ. ಜೋಳದ ಹೊಲದ ಅಂಚಿಗೂ ಹಾಕುತ್ತೇವೆ. ಮುಳ್ಳು ಇರುವುದರಿಂದ ದನ ಒಳಗೆ ನುಗ್ಗಲ್ಲ. ಹೂವಿನ ಎಸಳು ಬಿಡಿಸಬೇಕೆಂದರೆ ಕೈಯೆಲ್ಲ ಗೀರು. ಚೀನಾದವರು ಎಸಳನ್ನು ರಕ್ತಕ್ಕೇ ಬಿಡುತ್ತಾರೆ ಅಂದರೆ ಔಷಧಿ ಹೊಡೆದ ಹೊಲದ್ದು ತಗೋತಾರಾ? ಹೇನಿಗೆ ಎಷ್ಟು ಸಲ ಹೊಡೀತೀವಿ ಅಂತ ನಮಗೆ ಗೊತ್ತು.

ಪೀಣ್ಯದ ಹಳೇ ಕೈ

ರೈತರು ಒಂದೇ ಸಾಲಿನಲ್ಲಿ ಕ್ಯೂಸಿಯ, ಅಂದರೆ ಗುಣಮಟ್ಟ ಪರೀಕ್ಷೆಯವರ, ಗಂಟಲು ಹಿಡಿದರು ನೋಡಿ. ಕೀಟನಾಶಕ, ಸೀಸ, ಕ್ಯಾಡ್ಮಿಯಂ ಎಲ್ಲ ಹೊಲದಿಂದಲೇ ಬರುತ್ತವೆ. ಮೇಲಿಂದ ಮಳೆ, ಮಣ್ಣು, ಕೊಯ್ದ ತಿಂಗಳು ಬದಲಾದರೆ ಸತ್ವ ಬದಲು. ಅದಕ್ಕೇ 2000ದಿಂದ ಚೀನಾ ಈ ಇಂಜೆಕ್ಷನ್‌ಗಳಿಗೆ ಬೆರಳಚ್ಚು ಕೇಳುತ್ತದೆ. ಅಂಶಗಳನ್ನು ಬಿಡಿಬಿಡಿಯಾಗಿ ತೋರಿಸುವ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ಓಡಿಸಿದರೆ ಶಿಖರಗಳ ಸಾಲು ಬರುತ್ತದಲ್ಲ, ಪ್ರತಿ ಬ್ಯಾಚಿನ ಸಾಲು ಮಾದರಿಗೆ ಹೊಂದಬೇಕು. ಒಳ್ಳೆಯ ಕ್ರಮ. ಆದರೆ ಯಂತ್ರಕ್ಕೆ ಕಾಣದ್ದು ಅದರಲ್ಲಿ ಬರೆದಿರುವುದಿಲ್ಲ. ಎಂಡೋಟಾಕ್ಸಿನ್ ಅಲ್ಲಿ ಶಿಖರವಾಗಿ ನಿಲ್ಲುವುದಿಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಕುಸುಬೆ ಹೂವಿನದೇ ಒಂದು ಇಂಜೆಕ್ಷನ್‌ನ ಬ್ಯಾಚ್‌ಗಳನ್ನು ವಾಪಸ್ ತರಿಸಿದರು, ಚಳಿ ಜ್ವರ ಬಂತು ಅಂತ. ಅದೇ ದಿನಗಳಲ್ಲಿ ವಾಪಸ್ ಹೋದ ಇನ್ನೊಂದು ಶಿಯಾನ್‌ಪಿಂಗ್. ಅದರ ಮೂಲ ಯಾವುದು ಗೊತ್ತಾ ಮಗಳೇ? ನೆಲಬೇವು. ಅದರ ಕಹಿಯ ಅಂಶ ಆ್ಯಂಡ್ರೋಗ್ರಾಫೋಲೈಡ್ ನೀರಲ್ಲಿ ಕರಗಲ್ಲ, ಸಲ್ಫೋನೇಟ್ ಮಾಡಿ, ಅಂದರೆ ಅಣುವಿಗೆ ನೀರಲ್ಲಿ ಕರಗುವ ಬಾಲ ಅಂಟಿಸಿ, ಕರಗಿಸಿದ್ದಾರೆ. ನೀನು ಕೇಳಿದ ನೆಲಬೇವಿನ ಇಂಜೆಕ್ಷನ್ ಇದೆ. ನಮ್ಮಲ್ಲಿಲ್ಲ, ಅಷ್ಟೇ.

ಮಲೆನಾಡ ಹುಡುಗಿ

ಅಯ್ಯೋ! ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಇಲ್ಲದಿರುವುದಕ್ಕೆ ಕಾರಣ ಕಾನೂನಾ?

ಕಷಾಯಪ್ರಿಯ

ಹೌದಮ್ಮ. ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯಲ್ಲಿ ಆಯುರ್ವೇದ ಪೇಟೆಂಟ್ ಔಷಧಿ ಯಾವುದು ಎಂದು ಹೇಳುವಾಗಲೇ ಚುಚ್ಚಿ ಕೊಡುವುದನ್ನು ಹೊರಗಿಟ್ಟಿದ್ದಾರೆ. 2015ರ ಕೊನೆಗೆ ಫೈಟೋಫಾರ್ಮಾಸ್ಯೂಟಿಕಲ್ ಎಂಬ ಹೊಸ ಬಾಗಿಲು ತೆರೆದರು. ಕನಿಷ್ಠ ನಾಲ್ಕು ಅಂಶಗಳನ್ನು ಗುರುತಿಸಿ ಅಳೆದ ಗಿಡದ ಸಾರ ಎಂದು ಅದರ ಅರ್ಥ. ಅಲ್ಲೂ ಇಂಜೆಕ್ಷನ್ ಬೇಡ ಎಂದೇ ಬರೆದಿದೆ. ಒಂದೇ ಅಣು ತೆಗೆದು ತಂದರೆ ಅದು ಮಾಮೂಲಿ ಹೊಸ ಔಷಧಿ, ಅದರ ದಾರಿ ಬೇರೆ. ಚೀನಾದವರೂ 2007ರ ಕೊನೆಗೆ ಬಿಗಿ ಮಾಡಿದರು. ಬಾಯಿಂದ ಕೊಟ್ಟರೆ ಆಗುವ ಕೆಲಸಕ್ಕೆ ಇಂಜೆಕ್ಷನ್ ಯಾಕೆ ಎಂದು ತಯಾರಿಸುವವನೇ ಉತ್ತರ ಕೊಡಬೇಕು.

ನನ್ನ ಕೇಳಿದರೆ ಈ ಬೇಲಿ ಇರಲಿ. ನನ್ನ ಹತ್ತಿರ ಬರುವವರಿಗೆ ಕಷಾಯ ಕುಡಿಸುವುದೇ ಸಾಕಾಗಿದೆ. ಆದರೆ ಶ್ವೇಬಿಜಿಂಗ್ ತರಹದ ಪ್ರಯೋಗವನ್ನು ನಮ್ಮ ಯೋಗಗಳ ಮೇಲೆ, ಬಾಯಿಂದ ಕೊಟ್ಟಾದರೂ, ಅಷ್ಟು ದೊಡ್ಡದಾಗಿ ಯಾಕೆ ಮಾಡುವುದಿಲ್ಲ ಎಂಬ ಸಿಟ್ಟು ಇದೆ.

ಗುವಾಂಗ್‌ಝೌ ಗೌಡ

ವೈದ್ಯರೇ, ನೀವು ಇಂಜೆಕ್ಷನ್ ಪರ ವಾದ ಮಾಡುತ್ತೀರಿ ಅಂದುಕೊಂಡಿದ್ದೆ.

ಕಷಾಯಪ್ರಿಯ

ಕಷಾಯದ ಪರ ಗೌಡ್ರೇ. ಹೆಸರು ನೋಡಿ.

ಪೀಣ್ಯದ ಹಳೇ ಕೈ

ಮಗಳೇ, ನಿನ್ನ ಕಾಲೇಜು ಲ್ಯಾಬಿನಲ್ಲಿ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಇರುತ್ತದೆ. ಒಂದು ಕೆಲಸ ಮಾಡು. ನೆಲಬೇವಿನ ಕಷಾಯ ಮಾಡಿ, ಬಟ್ಟೆಯಲ್ಲಿ ಸೋಸಿ, ಆ ಫಿಲ್ಟರ್‌ನಲ್ಲಿ ತಳ್ಳಿ ನೋಡು. ತಿಳಿಯಾಗಿ ಬಂದದ್ದನ್ನು ಗಾಜಿನ ವಯಲ್‌ಗೆ ಹಾಕಿ ಫ್ರಿಜ್‌ನಲ್ಲಿಡು. ಅರ್ಧಕ್ಕೆ ಆಲ್ಕೋಹಾಲ್ ಹಾಕಿ ಗಸಿ ಕೂರಿಸಿ ಇನ್ನೊಂದು ವಯಲ್ ಮಾಡು. ಯಾರಿಗೂ ಚುಚ್ಚಬೇಡ, ಸುಮ್ನೆ ನೋಡು. ನಾಲ್ಕು ದಿನ ಬಿಟ್ಟು ಇಲ್ಲಿ ಬರೆ.

ಮಲೆನಾಡ ಹುಡುಗಿ

(ಐದು ದಿನದ ನಂತರ)

ಸರ್, ಮಾಡಿದೆ. ಬರೀ ಬಟ್ಟೆಯಲ್ಲಿ ಸೋಸಿದ್ದು ಫಿಲ್ಟರ್‌ನಲ್ಲಿ ಮೂರು ಎಂಎಲ್ ಹೋಗುವಷ್ಟರಲ್ಲಿ ಕಟ್ಟಿಕೊಂಡಿತು. ಹೆಬ್ಬೆರಳು ನೋವು. ಲ್ಯಾಬ್ ಅಣ್ಣ ಬೈದರು, ಫಿಲ್ಟರ್ ಲೆಕ್ಕ ಕೊಡಬೇಕಂತೆ. ಮೊದಲು ಸೆಂಟ್ರಿಫ್ಯೂಜ್ ಮಾಡಿ ತಳ್ಳಿದ ಮೇಲೆ ಹೊಳೆಯುವ ಚಹಾದ ತರಹ ತಿಳಿಯಾಗಿ ಬಂತು. ಖುಷಿಯಾಗಿ ಫೋಟೋ ತೆಗೆದೆ.

ಎರಡನೇ ದಿನ ಬೆಳಗ್ಗೆ ತಳದಲ್ಲಿ ಮಸುಕು. ನಾಲ್ಕನೇ ದಿನ ಅಲ್ಲಾಡಿಸಿದರೆ ಎಳೆ ಎಳೆಯಾಗಿ ಏಳುತ್ತದೆ. ಆಲ್ಕೋಹಾಲ್ ಹಾಕಿದ ವಯಲ್ ಇನ್ನೂ ತಿಳಿ ಇತ್ತು. ಅದಕ್ಕೆ ಸಲೈನ್ ಬೆರೆಸಿದೆ. ಹತ್ತು ನಿಮಿಷಕ್ಕೆ ಅದೂ ಮಸುಕಾಯಿತು. ಕಪ್ಪು ಹಲಗೆ ಇರಲಿಲ್ಲ, ನನ್ನ ಕಪ್ಪು ಚೂಡಿದಾರದ ಮುಂದೆ ಹಿಡಿದು ನೋಡಿದೆ. ಬಿಳೀ ಕಣಗಳು ಚೆನ್ನಾಗಿ ಕಂಡವು. ಬಿಳಿ ಗೋಡೆಯ ಮುಂದೆ ಹಿಡಿದರೆ ಏನೂ ಕಾಣಲಿಲ್ಲ.

ಎರಡೂ ವಯಲ್ ಸೆಮಿನಾರ್‌ಗೆ ತಗೊಂಡು ಹೋಗುತ್ತೇನೆ. ಪಕ್ಕದಲ್ಲಿ ಇಡಲು ಖಾಲಿಯಾದ ಆರ್ಟಿಸುನೇಟ್ ವಯಲ್ ಮತ್ತು ಸೋಡಾ ಆಂಪೂಲ್ ಒಂದು ಸೆಟ್ ಬೇಕಿತ್ತು. ಕಡಲತಡಿಯ ಡಾಕ್ಟ್ರೇ, ನಿಮ್ಮ ವಾರ್ಡಿನಲ್ಲಿ ಬಳಸಿ ಉಳಿದದ್ದು ಸಿಗುತ್ತಾ?

ಕಡಲತಡಿಯ ಡಾಕ್ಟ್ರು

ಬಳಸಿದ ವಯಲ್ ಹೊರಗೆ ಕೊಡುವ ಹಾಗಿಲ್ಲ ಮಗಾ, ಅದು ಆಸ್ಪತ್ರೆ ಕಸದ ಲೆಕ್ಕಕ್ಕೆ ಹೋಗುತ್ತದೆ. ಅವಧಿ ಮುಗಿದ ಸೀಲ್ ಆದ ಡಬ್ಬಿ ಇದ್ದರೆ ಫಾರ್ಮಸಿಯಲ್ಲಿ ಕೇಳಿ, ನಿಯಮದಲ್ಲಿ ಅವಕಾಶ ಇದ್ದರೆ ಕಳಿಸುತ್ತೇನೆ. ಈ ಮಳೆಗಾಲದಲ್ಲಿ ಉಳಿಯುವುದು ಅನುಮಾನ.